ಹೂವಿನ ಪೈಪಿಗೆ ಎರಡು ಬಟನ್

ದಿನಚರಿಯ ಅಕ್ಟೋಬರ್ ಎರಡರ ಪುಟದಲ್ಲಿ ನಾನು ಬರೆದಿರುವುದು ಎರಡೇ ಸಾಲು. "ಅಪ್ಪ ಪೈಪನ್ನು ಬೇರೆಯವರಿಗೆ ಕೊಟ್ಟುಬಿಡಿ ಎಂದರು. ಉಳಿದಿರುವುದು 30 ದಿನ."

ಪೈಪು ಎಂದರೆ ಹೂ ಹಾರಿಸುವ ಪೈಪು. ಮಾದನಾಯಕನಹಳ್ಳಿಯ ಹತ್ತಿರ, ಒಂದು ಸರ್ಕಾರಿ ಕಾರ್ಖಾನೆಯ ನೌಕರರು ಸಂಘ ಕಟ್ಟಿಕೊಂಡು ಸೈಟು ಮಾಡಿಕೊಂಡ ಲೇಔಟಿನಲ್ಲಿ ನಮ್ಮ ಮನೆ. ಪ್ರತಿ ವರ್ಷ ರಾಜ್ಯೋತ್ಸವದ ಬೆಳಿಗ್ಗೆ ನೀರಿನ ಟ್ಯಾಂಕಿನ ಪಕ್ಕದ ಮೈದಾನದಲ್ಲಿ ಬಾವುಟ ಏರಿಸುತ್ತಾರೆ. ಬಾವುಟ ತುದಿ ಮುಟ್ಟಿ ಬಿಚ್ಚಿಕೊಳ್ಳುವ ಹೊತ್ತಿಗೆ ಸರಿಯಾಗಿ ಅಪ್ಪ ಪೈಪಿನ ಹಿಡಿ ಎಳೆಯುತ್ತಿದ್ದರು. ಹಳೆಯ ಲಾರಿಯೊಂದರ ಬ್ರೇಕಿನ ಗಾಳಿ ಟ್ಯಾಂಕು, ಅದರ ಬಾಯಿಗೆ ಒಂದು ವಾಲ್ವು, ವಾಲ್ವಿನಾಚೆ ನನ್ನಷ್ಟೇ ಎತ್ತರದ ಪ್ಲಾಸ್ಟಿಕ್ ಪೈಪು. ಪೈಪಿನೊಳಗೆ ಹಳದಿ ಸೇವಂತಿಗೆ, ಕೆಂಪು ಗುಲಾಬಿಯ ಎಸಳು. ಎಳೆದರೆ ಢಬ್ ಎಂದು ಎರಡು ಮಹಡಿ ಎತ್ತರಕ್ಕೆ ಹೋಗಿ, ಅಲ್ಲಿ ಒಂದು ಕ್ಷಣ ನಿಂತು, ಆಮೇಲೆ ಎಲ್ಲರ ತಲೆಯ ಮೇಲೆ ಇಳಿಯುತ್ತಿತ್ತು. ಲೇಔಟಿನವರು ಅದನ್ನು ಫಿರಂಗಿ ಎನ್ನುತ್ತಾರೆ. ಮಾಡಿದ ಅಪ್ಪ ಮಾತ್ರ ಪೈಪು ಎನ್ನುತ್ತಾರೆ. ಹದಿನೆಂಟು ವರ್ಷ ಅವರೇ ಎಳೆದಿದ್ದಾರೆ. ನನ್ನ ನೆನಪಿನಲ್ಲಿರುವುದು ಹದಿನೈದು.

ಆ ಹಿಡಿ ಎಳೆಯುವುದು ಸುಲಭವಲ್ಲ. ನಿಧಾನವಾಗಿ ತಿರುಗಿಸಿದರೆ ಗಾಳಿ ಬುಸ್ ಎಂದು ಸೋರಿ, ಹೂವು ಪೈಪಿನ ಬಾಯಿಯಿಂದ ಉಕ್ಕಿ ಕಾಲ ಬುಡದಲ್ಲೇ ಬೀಳುತ್ತದೆ. ಮಣಿಕಟ್ಟಿನ ಒಂದೇ ಏಟಿಗೆ ವಾಲ್ವು ಪೂರ್ತಿ ತೆರೆದುಕೊಳ್ಳಬೇಕು. ಮೂವತ್ತೊಂದು ವರ್ಷ ಕಾರ್ಖಾನೆಯ ಪ್ರೆಸ್ ವಿಭಾಗದಲ್ಲಿ ತಗಡು ಒತ್ತಿದ ಅಪ್ಪನ ಬಲಗೈಗೆ ಆ ಏಟು ಗೊತ್ತಿತ್ತು.

ಅಪ್ಪ ನಿವೃತ್ತರಾಗಿ ವರ್ಷ ತುಂಬುವ ಮೊದಲೇ, ಫೆಬ್ರವರಿಯಲ್ಲಿ, ಸ್ಟ್ರೋಕ್ ಆಯಿತು. ಮಾತು ಎರಡು ತಿಂಗಳಲ್ಲಿ ಬಂತು, ಸ್ವಲ್ಪ ನಿಧಾನವಾಗಿ. ಬಲಗಾಲು ಮೇ ಹೊತ್ತಿಗೆ ಬಂತು. ಬಲಗೈ ಬರಲಿಲ್ಲ. ಬೆರಳುಗಳು ಮಡಚಿದರೆ ಬಿಚ್ಚವು, ಬಿಚ್ಚಿದರೆ ಮಡಚವು. ಔಷಧ, ಊಟ, ವ್ಯಾಯಾಮ ಎಲ್ಲವನ್ನೂ ಬರೆದಿಡಿ ಎಂದು ಡಾಕ್ಟರ್ ಹೇಳಿದ್ದರಿಂದ, ಮೊದಲೇ ದಿನಚರಿ ಬರೆಯುವ ಚಟವಿದ್ದ ನನಗೆ ಆ ಕೆಲಸ ಬಂತು. ಎಷ್ಟು ಹೆಜ್ಜೆ ನಡೆದರು, ತಟ್ಟೆಯಲ್ಲಿ ಏನು ಬಿಟ್ಟರು, ಎಲ್ಲಿ ಎಡವಿದರು, ಎಲ್ಲ ಬರೆದೆ. ಹೊರಗೆ ಹೋದದ್ದಕ್ಕೂ ಒಂದು ಪುಟವಿತ್ತು. ಅಕ್ಟೋಬರ್ ಎರಡರವರೆಗೆ ಅದರ ಮೊತ್ತ ಹೀಗಿದೆ: ಆಸ್ಪತ್ರೆ 19, ಫಿಸಿಯೋಥೆರಪಿ 52, ಬ್ಯಾಂಕ್ 1, ಮೈದಾನ 0.

ಆ ದಿನ ರಜೆ. ಲೇಔಟ್ ಸಂಘದ ಸೆಕ್ರೆಟರಿ ಅಂಕಲ್ ಮನೆಗೆ ಬಂದಿದ್ದರು. ಅವರೂ ಅದೇ ಕಾರ್ಖಾನೆಯವರು, ಅಪ್ಪನಿಗಿಂತ ಎರಡು ವರ್ಷ ಚಿಕ್ಕವರು. ಆರೋಗ್ಯ ವಿಚಾರಿಸಿ, ಕಾಫಿ ಕುಡಿದು, ಲೋಟ ಕೆಳಗಿಟ್ಟ ಮೇಲೆ ವಿಷಯಕ್ಕೆ ಬಂದರು. ಈ ಸಲ ಫಿರಂಗಿ ಎಳೆಯೋರು ಯಾರು ಗುರುಗಳೇ ಎಂದು ಕೇಳಿದರು. ಅಪ್ಪ ಟಿವಿಯಿಂದ ಮುಖ ತಿರುಗಿಸದೆ, "ಕೊಟ್ಬಿಡಿ. ಯಾರಾದ್ರೂ ಎಳೀಲಿ" ಎಂದರು. ಟಿವಿಯಲ್ಲಿ ಜಾಹೀರಾತು ಓಡುತ್ತಿತ್ತು.

ನಾನು ಎಳೆಯಬಹುದಿತ್ತು. ಎರಡು ವಾರ ಅಭ್ಯಾಸ ಮಾಡಿದ್ದರೆ ಆ ಏಟು ನನಗೂ ಬರುತ್ತಿತ್ತೇನೋ. ಆದರೆ ಆಗ ಅಪ್ಪ ಮನೆಯಲ್ಲೇ ಕುಳಿತು ಆ ಢಬ್ ಶಬ್ದವನ್ನು ಕಿಟಕಿಯಿಂದ ಕೇಳುತ್ತಾರೆ, ಮೈದಾನದ ಸೊನ್ನೆ ಸೊನ್ನೆಯಾಗಿಯೇ ಉಳಿಯುತ್ತದೆ. ನವೆಂಬರ್ ಒಂದರಂದು ಅಪ್ಪನೇ ಅಲ್ಲಿ ನಿಂತು, ಅಪ್ಪನ ಕೈಯೇ ಹೂ ಹಾರಿಸಬೇಕು ಎಂದು ನಿರ್ಧರಿಸಿದೆ. ಎಳೆಯುವುದಕ್ಕೆ ಆಗದಿದ್ದರೆ ಒತ್ತುವುದಕ್ಕೆ ಆಗುತ್ತದೆ. ಎಡಗೈ ಚೆನ್ನಾಗಿತ್ತು. ಅದರ ತೋರುಬೆರಳಿನ ತುದಿಯ ಗಿಣ್ಣು ನಾನು ಹುಟ್ಟುವ ಮೊದಲೇ ಪ್ರೆಸ್ಸಿನಲ್ಲಿ ಹೋಗಿತ್ತು, ಅಷ್ಟೇ. ಬಟನ್ ಒತ್ತಲು ಅದೇನೂ ಅಡ್ಡಿಯಲ್ಲ.

ಬಟನ್ ನನ್ನ ಕೆಲಸವೇ. ಡಿಪ್ಲೊಮಾ ಮುಗಿಸಿ ಪೀಣ್ಯದ ಎರಡನೇ ಹಂತದಲ್ಲಿ, ಯಂತ್ರಗಳಿಗೆ ಕಂಟ್ರೋಲ್ ಪ್ಯಾನೆಲ್ ಮಾಡುವ ಒಂದು ಚಿಕ್ಕ ಯೂನಿಟ್ಟಿನಲ್ಲಿ ವೈರಿಂಗ್ ಮಾಡುತ್ತೇನೆ. ಒಂಬತ್ತು ಜನ ಇದ್ದೇವೆ. ಹೆಚ್ಚಾಗಿ ನಮ್ಮಲ್ಲಿ ಆಗುವುದು ಪ್ರೆಸ್ಸುಗಳ ಪ್ಯಾನೆಲ್. ಆ ದಿನದವರೆಗೆ ನಾನು ಕೈಯಾರೆ ವೈರ್ ಮಾಡಿದ್ದವು 143.

ಮೊದಲ ಭಾನುವಾರ, ಅಂದರೆ ಐದನೇ ತಾರೀಖು, ಕೆಲಸ ಶುರು ಮಾಡಿದೆ. ಹಿಡಿ ಇರುವ ವಾಲ್ವನ್ನು ಬಿಚ್ಚಿ, ಯೂನಿಟ್ಟಿನಲ್ಲಿ ಬಿದ್ದಿದ್ದ ಒಂದು ಸೊಲೆನಾಯ್ಡ್ ವಾಲ್ವನ್ನು ಕೂರಿಸಿದೆ. ಅದರ ತಲೆಯ ಮೇಲೆ ತಂತಿ ಸುತ್ತಿದ ಒಂದು ಕಾಯಿಲ್ ಇರುತ್ತದೆ, ಕರೆಂಟ್ ಕೊಟ್ಟರೆ ತೆರೆಯುತ್ತದೆ, ತೆಗೆದರೆ ಮುಚ್ಚುತ್ತದೆ. ಹಳೆಯ ಯುಪಿಎಸ್ಸಿನ ಎರಡು ಬ್ಯಾಟರಿ ಜೋಡಿಸಿದರೆ ಇಪ್ಪತ್ನಾಲ್ಕು ವೋಲ್ಟ್, ಮುಟ್ಟಿದರೂ ಶಾಕ್ ಹೊಡೆಯದಷ್ಟು. ಪಂಕ್ಚರ್ ಅಂಗಡಿಯಲ್ಲಿ ಟ್ಯಾಂಕಿಗೆ ಎರಡೂವರೆ ಕೆಜಿ ಗಾಳಿ ತುಂಬಿಸಿಕೊಂಡು ಬಂದೆ. ಪೀಣ್ಯದಲ್ಲಿ ಗಾಳಿಯ ಒತ್ತಡವನ್ನೂ ಕೆಜಿಯಲ್ಲೇ ಹೇಳುತ್ತಾರೆ. ಮಾಳಿಗೆಯ ಮೇಲೆ ಪೈಪು ನಿಲ್ಲಿಸಿ, ಹೂವಿನ ಬದಲು ಹಳೇ ಪೇಪರಿನ ಚೂರು ತುಂಬಿ, ವೈರಿನ ತುದಿಯನ್ನು ಬ್ಯಾಟರಿಗೆ ಮುಟ್ಟಿಸಿದೆ. ವಾಲ್ವು ಟಕ್ ಎಂದಿತು. ಪೇಪರು ಪೈಪಿನ ಬಾಯಿಗೆ ಬಂದು, ಏನು ಮಾಡಬೇಕೆಂದು ತಿಳಿಯದವರ ಹಾಗೆ ಅಲ್ಲೇ ನಿಂತಿತು. ಪರೀಕ್ಷೆ ಒಂದು: ವಿಫಲ. ಒತ್ತಡ ಹೆಚ್ಚಿಸಿದೆ, ಪೇಪರು ಕಡಿಮೆ ಮಾಡಿದೆ, ಪೈಪನ್ನು ಸೊಂಟದೆತ್ತರಕ್ಕೆ ಮೋಟು ಮಾಡಿದೆ. ಎರಡರಿಂದ ಏಳರವರೆಗೂ ವಿಫಲ. ಏಳನೆಯದರಲ್ಲಿ ಪೇಪರು ಒಂದು ಗೇಣು ಮೇಲೆ ಹೋಗಿದ್ದು ಗಾಳಿ ಬೀಸಿದ್ದರಿಂದ ಇರಬಹುದು ಎಂದೂ ಬರೆದಿದ್ದೇನೆ.

ಸೋಮವಾರ ಸೂಪರ್‌ವೈಸರ್‌ಗೆ ಎಲ್ಲ ಹೇಳಿದೆ. ಅವರು ತಿಂಡಿ ಡಬ್ಬಿಯ ಮುಚ್ಚಳ ಹಾಕುತ್ತಾ ಕೇಳಿದರು, "ಬಕೆಟ್ ನೀರನ್ನ ಸ್ಟ್ರಾದಲ್ಲಿ ಖಾಲಿ ಮಾಡ್ತೀನಿ ಅಂತೀಯಲ್ಲಮ್ಮಾ. ವಾಲ್ವಿನ ತೂತು ನೋಡಿದ್ಯಾ?"

ನೋಡಿರಲಿಲ್ಲ. ಬಿಚ್ಚಿ ನೋಡಿದರೆ ಪೆನ್ಸಿಲ್ ಕೂಡ ಹೋಗದ ತೂತು. ಕರೆಂಟು, ಕಾಯಿಲು, ಬ್ಯಾಟರಿ ಎಲ್ಲವನ್ನೂ ಎರಡೆರಡು ಸಲ ಅಳೆದಿದ್ದ ನಾನು ಗಾಳಿ ಹೋಗುವ ದಾರಿಯನ್ನು ಅಳೆದಿರಲಿಲ್ಲ.

ಹೊರಗೆ ಢಬ್ ಎಂದಿತು. ಸೂಪರ್‌ವೈಸರ್ ಹೆಬ್ಬೆರಳಿನಿಂದ ಆ ಕಡೆ ತೋರಿಸಿದರು. ನಮ್ಮ ಹಿಂದಿನ ಬೀದಿಯಲ್ಲಿ ಪೌಡರ್ ಕೋಟಿಂಗ್, ಅಂದರೆ ತಗಡಿಗೆ ಬಣ್ಣದ ಪುಡಿ ಹಿಡಿಸುವ ಕೆಲಸ, ಮಾಡುವ ಯೂನಿಟ್ಟಿದೆ. ಅಲ್ಲಿ ಧೂಳು ಹಿಡಿಯುವ ಚೀಲಗಳನ್ನು ಕೊಡವಲು ಹತ್ತು ಸೆಕೆಂಡಿಗೊಮ್ಮೆ ಗಾಳಿ ಹೊಡೆಯುತ್ತಾರೆ. ಬೆಳಿಗ್ಗೆಯಿಂದ ಸಂಜೆವರೆಗೆ ಢಬ್, ಢಬ್. ಒಂದೂವರೆ ವರ್ಷದಿಂದ ಆ ಶಬ್ದದ ಪಕ್ಕದಲ್ಲೇ ಕುಳಿತು ವೈರು ಸುಲಿಯುತ್ತಿದ್ದೆ. ಅದು ಅಪ್ಪನ ಪೈಪಿನ ಶಬ್ದವೇ ಎಂದು ಅವತ್ತಿನವರೆಗೆ ಹೊಳೆದಿರಲಿಲ್ಲ.

ಮಧ್ಯಾಹ್ನದ ಬಿಡುವಿನಲ್ಲಿ ಹೋಗಿ ಕೇಳಿದೆ. ಅಲ್ಲಿನ ಮೇಂಟೆನೆನ್ಸ್ ಅಣ್ಣ ಹರಿದ ರಬ್ಬರಿನ ಒಂದು ಹಳೇ ವಾಲ್ವನ್ನು ಮೂಲೆಯಿಂದ ಎತ್ತಿಕೊಟ್ಟು, ಯಾವುದಕ್ಕೆ ಎಂದು ವಿಚಾರಿಸಿದರು. ರಾಜ್ಯೋತ್ಸವದ ಹೂವಿಗೆ ಎಂದೆ. ಒಳಗೆ ಹೋಗಿ ಹೊಸ ರಬ್ಬರ್ ಬಿಲ್ಲೆಯನ್ನೂ ತಂದುಕೊಟ್ಟರು. ಅದರ ಬಾಯಿ ದೊಡ್ಡದು. ಕರೆಂಟು ಬಂದೊಡನೆ ಬಿಲ್ಲೆ ಹಾರಿ ಇಡೀ ದಾರಿಯನ್ನು ಒಂದೇ ಸಲಕ್ಕೆ ಬಿಡುತ್ತದೆ. ಮಣಿಕಟ್ಟಿನ ಏಟು ಅದರೊಳಗೇ ಇತ್ತು.

ಹನ್ನೆರಡನೇ ತಾರೀಖು, ಭಾನುವಾರ, ಪರೀಕ್ಷೆ ಎಂಟು. ವೈರು ಮುಟ್ಟಿಸಿದ ಕೂಡಲೇ ಪೇಪರಿನ ಚೂರೆಲ್ಲ ಆಕಾಶಕ್ಕೆ ಹೋಯಿತು. ಎದುರುಮನೆಯ ನೀರಿನ ಟ್ಯಾಂಕಿನ ಮೇಲಿದ್ದ ಪಾರಿವಾಳಗಳೂ ಹೋದವು. ಕೆಳಗಿನಿಂದ ಅಪ್ಪನ ಧ್ವನಿ ಬಂತು.

"ಎಷ್ಟು ಕೆಜಿ?"

ಒಂದು ವಾರದಿಂದ ನಾನು ಮನೆಯೊಳಗೆ ಟ್ಯಾಂಕು ಹೊತ್ತು ತಿರುಗುತ್ತಿದ್ದರೂ ಅವರು ಒಂದು ಮಾತೂ ಕೇಳಿರಲಿಲ್ಲ. ಎರಡೂವರೆ ಎಂದು ಕೂಗಿದೆ. ಆಮೇಲೆ ಮೆಟ್ಟಿಲ ಮೇಲೆ ಚಪ್ಪಲಿ ಎಳೆಯುವ ಸದ್ದು. ಹತ್ತೊಂಬತ್ತು ಮೆಟ್ಟಿಲು, ಫೆಬ್ರವರಿಯಿಂದ ಮೊದಲ ಸಲ. ಮೇಲೆ ಬಂದವರು ಏದುಸಿರಿನಲ್ಲೇ ಪೈಪಿನ ಕ್ಲ್ಯಾಂಪನ್ನು ಎಡಗೈಯಲ್ಲಿ ಅಲ್ಲಾಡಿಸಿ, ಸಡಿಲವಾಗಿದೆ ಎಂದು ಬೈದರು. ಹೊಡೆದಾಗ ಟ್ಯಾಂಕು ಹಿಂದಕ್ಕೆ ಒದೆಯುತ್ತದೆ, ಮರಳಿನ ಚೀಲ ಇಡು ಎಂದರು. ನಾನು ಬರೆದುಕೊಂಡೆ. ಯಾರು ಒತ್ತುತ್ತಾರೆ ಎಂದು ಅವರು ಕೇಳಲಿಲ್ಲ. ನಾನೂ ಹೇಳಲಿಲ್ಲ.

ಮುಂದಿನ ಪರೀಕ್ಷೆಗಳಲ್ಲಿ ಹಾರಿದ್ದಕ್ಕಿಂತ ಕಲಿತದ್ದು ಹೆಚ್ಚು. ಹನ್ನೊಂದನೆಯದರಲ್ಲಿ, ವೈರಿಗೆ ಹೊಸದಾಗಿ ಸಿಕ್ಕಿಸಿದ್ದ ಸ್ವಿಚ್ಚಿನ ತುದಿ ಸುಟ್ಟು ಅಂಟಿಕೊಂಡು ವಾಲ್ವು ಮುಚ್ಚಲೇ ಇಲ್ಲ. ಕರೆಂಟು ನಿಲ್ಲಿಸಿದ ಕ್ಷಣ ಕಾಯಿಲ್ ಕರೆಂಟನ್ನು ಉಲ್ಟಾ ಹೊಡೆಯುತ್ತದೆ, ಅದನ್ನು ತಡೆಯಲು ಅಡ್ಡಲಾಗಿ ಒಂದು ಡಯೋಡ್ ಹಾಕಬೇಕು. ಯೂನಿಟ್ಟಿನಲ್ಲಿ ದಿನಾ ಹಾಕುವುದನ್ನು ಮನೆಯಲ್ಲಿ ಮರೆತಿದ್ದೆ. ಹದಿನಾರನೆಯದರಲ್ಲಿ ನಿಜವಾದ ಸೇವಂತಿಗೆ ಹಾಕಿದೆ. ಒದ್ದೆ ಹೂವು ಉಂಡೆಯಾಗಿಯೇ ಹೋಗಿ ಉಂಡೆಯಾಗಿಯೇ ಬಿತ್ತು. ಹಿಂದಿನ ದಿನವೇ ಬಿಡಿಸಿ ಪೇಪರಿನ ಮೇಲೆ ಹರಡಿದರೆ ಸರಿಯಾಗುತ್ತದೆ ಎಂದು ಅಮ್ಮ ಹೇಳಿದಳು. ಅದನ್ನು ಹದಿನೆಂಟು ವರ್ಷ ಅವಳೇ ಮಾಡುತ್ತಿದ್ದಳು ಎಂದು ನನಗೆ ಆಗ ಗೊತ್ತಾಯಿತು.

ಇನ್ನು ಉಳಿದದ್ದು ಬಟನ್ ಪೆಟ್ಟಿಗೆ. ಬರಿಯ ವೈರು, ಸ್ವಿಚ್ಚನ್ನು ಅಪ್ಪನ ಕೈಗೆ ಕೊಡಲು ನನಗೆ ಇಷ್ಟವಿರಲಿಲ್ಲ. ಯಂತ್ರಕ್ಕೆ ಇರುವ ಹಾಗೆ ಇರಬೇಕು. ಸೂಪರ್‌ವೈಸರ್ ಬಣ್ಣ ಹೋದ ಒಂದು ತಗಡಿನ ಪೆಟ್ಟಿಗೆ, ಎರಡು ಹಸಿರು ಬಟನ್, ಒಂದು ಹಳೇ ರಿಲೇ ಕೊಟ್ಟರು. ಶುಕ್ರವಾರ, ಶನಿವಾರ ಸಂಜೆ ಯೂನಿಟ್ಟಿನಲ್ಲೇ ಕುಳಿತು ಮುಗಿಸಿದೆ. ಪ್ರತಿ ವೈರಿಗೂ ನಂಬರ್ ಹಾಕಿದೆ. ಬಟನ್‌ಗಳ ನಡುವೆ ಎಷ್ಟು ದೂರ ಇರಬೇಕೋ ಅಷ್ಟೇ ಇಟ್ಟೆ. ಹಸ್ತ ಒಂದರ ಮೇಲೆ, ಮೊಣಕೈ ಇನ್ನೊಂದರ ಮೇಲೆ ಇಟ್ಟು ಪರೀಕ್ಷಿಸಿದೆ. ಒಂದೇ ಕೈಯಲ್ಲಿ ಎರಡನ್ನೂ ಒತ್ತಲು ಆಗಲಿಲ್ಲ. ಪೆಟ್ಟಿಗೆಯ ಹಿಂದೆ ಚಿಕ್ಕದಾಗಿ 144 ಎಂದು ಬರೆದೆ. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಬಂದೆ.

ಇಪ್ಪತ್ತಾರನೇ ತಾರೀಖು, ಭಾನುವಾರ ಬೆಳಿಗ್ಗೆ, ಮಾಳಿಗೆಯ ಮೇಲೆ ಅಪ್ಪನಿಗೆ ಕುರ್ಚಿ ಹಾಕಿ, ಮುಂದೆ ಸ್ಟೂಲಿನ ಮೇಲೆ ಪೆಟ್ಟಿಗೆ ಇಟ್ಟೆ. ಅಮ್ಮ ಬಟ್ಟೆ ಒಣಹಾಕುತ್ತಿದ್ದಳು. ಇದು ನಿಮಗೇ, ರಾಜ್ಯೋತ್ಸವಕ್ಕೆ ನೀವೇ ಒತ್ತಬೇಕು ಎಂದು ಆಗ ಹೇಳಿದೆ. ಅಪ್ಪ ಬೇಡ ಎನ್ನಲಿಲ್ಲ. ಪೆಟ್ಟಿಗೆಯನ್ನು ತುಂಬ ಹೊತ್ತು ನೋಡಿದರು. ಎಡ ಅಂಗೈಯನ್ನು ಎಡಗಡೆಯ ಬಟನ್ ಮೇಲೆ ಇಟ್ಟರು.

"ಒತ್ತಿ ಅಪ್ಪಾ."

"ಯಾವುದನ್ನ?"

"ಎರಡೂ."

ಹೇಳಿ ಮುಗಿಸುವಷ್ಟರಲ್ಲಿ ನನಗೆ ಅರ್ಥವಾಯಿತು. ಅವರ ಬಲಗೈ ತೊಡೆಯ ಮೇಲೆ, ಅಂಗೈ ಮೇಲಾಗಿ, ಇಟ್ಟಲ್ಲೇ ಇತ್ತು.

ಪ್ರೆಸ್ಸಿನ ಪ್ಯಾನೆಲ್ ಎಂದರೆ ಎರಡು ಬಟನ್. ಎರಡನ್ನೂ ಅರ್ಧ ಸೆಕೆಂಡಿನೊಳಗೆ ಒಟ್ಟಿಗೆ ಒತ್ತಿದರೆ ಮಾತ್ರ ಪ್ರೆಸ್ ಇಳಿಯುತ್ತದೆ. ಒತ್ತುವವನ ಎರಡೂ ಕೈ ಬಟನ್ ಮೇಲಿದ್ದರೆ, ಒಂದು ಕೈಯೂ ಪ್ರೆಸ್ಸಿನ ಕೆಳಗೆ ಇರಲಾರದು. 143 ಪೆಟ್ಟಿಗೆ ಹಾಗೇ ವೈರ್ ಮಾಡಿದ್ದ ನನ್ನ ಕೈ 144ನೆಯದನ್ನೂ ಹಾಗೇ ಮಾಡಿತ್ತು. ಒಂದು ಕೈ ಇಲ್ಲದವರಿಗಾಗಿ, ಒಂದು ಕೈಯಲ್ಲಿ ಒತ್ತಲು ಆಗದ ಪೆಟ್ಟಿಗೆಯನ್ನು, ಮೊಣಕೈ ಇಟ್ಟು ಪರೀಕ್ಷಿಸಿ, ಮಾಡಿ ತಂದಿದ್ದೆ.

ಅಪ್ಪ ನಕ್ಕರು. ಸ್ಟ್ರೋಕ್ ಆದಮೇಲೆ ಅವರ ನಗು ಎಡಗಡೆಗೆ ಮಾತ್ರ ಹೋಗುತ್ತದೆ. ಅಮ್ಮ ತಂತಿಯ ಆಚೆಯಿಂದಲೇ, "ಮೂರು ವರ್ಷ ಡಿಪ್ಲೊಮಾ ಓದಿದ್ದು ಇದಕ್ಕೇನಾ?" ಎಂದಳು.

ನನಗೆ ಅಳು ಬಂದಿತ್ತು. ಅದನ್ನು ತಡೆಯಲು ಇಕ್ಕಳ ಎತ್ತಿಕೊಂಡೆ. "ಎರಡೇ ನಿಮಿಷ ಅಪ್ಪಾ. ಬಲಗಡೆ ಬಟನ್‌ಗೆ ತಂತಿ ಕಟ್ಟಿ, ಎಡಗಡೇದು ಒತ್ತಿದ್ರೆ ಅದೂ ಒತ್ತಿದ ಹಾಗೆ ಮಾಡ್ಬಿಡ್ತೀನಿ."

ಅವರ ನಗು ನಿಂತಿತು. ಎಡಗೈಯನ್ನು ಪೆಟ್ಟಿಗೆಯ ಮೇಲೆ ಪೂರ್ತಿ ಹರಡಿ ಹಿಡಿದರು. ನನ್ನ ಇಕ್ಕಳದ ಎದುರಿಗೇ ಆ ಮೋಟು ತೋರುಬೆರಳು ಇತ್ತು.

"ಇದು ಹೆಂಗೆ ಹೋಯ್ತು, ಗೊತ್ತಾ?"

"ಪ್ರೆಸ್ ಮೇಲೆ ಬಿತ್ತು."

"ಪ್ರೆಸ್ ತಾನಾಗಿ ತಗೊಳ್ಳಿಲ್ಲ ಕಣೇ. ನಾನೇ ಕೊಟ್ಟಿದ್ದು."

ಆಮೇಲೆ ನಿಧಾನವಾಗಿ, ನಡುನಡುವೆ ಪದ ಹುಡುಕುತ್ತಾ ಹೇಳಿದರು. ಕೆಲಸಕ್ಕೆ ಸೇರಿದ ಎರಡನೇ ವರ್ಷ. ಶಿಫ್ಟಿಗೆ ಇಷ್ಟು ಪೀಸ್ ಎಂದು ಇತ್ತು. ಬೇಗ ಮುಗಿಸಿದವರು ಬೇಗ ಕ್ಯಾಂಟೀನಿಗೆ ಹೋಗಬಹುದಿತ್ತು. ಆಗಿನ ಪ್ರೆಸ್ಸುಗಳಿಗೆ ಅರ್ಧ ಸೆಕೆಂಡಿನ ನಿಯಮ ಇರಲಿಲ್ಲ. ಎಡಗಡೆಯ ಬಟನ್ ಒತ್ತಿ, ಅದರ ಸಂದಿಗೆ ಬೆಂಕಿಕಡ್ಡಿ ಸಿಕ್ಕಿಸಿದರೆ ಅದು ಒತ್ತಿದಂತೆಯೇ ಇರುತ್ತಿತ್ತು. ಒಂದು ಕೈಯಲ್ಲಿ ಒತ್ತುವುದು, ಇನ್ನೊಂದರಲ್ಲಿ ತಗಡು ಸರಿಸುವುದು. ಸಾಲಿನಲ್ಲಿ ಎಲ್ಲರೂ ಹಾಗೆ ಮಾಡುತ್ತಿದ್ದರು. ಅವತ್ತು ಅವರ ಎಡಗೈ ತಗಡು ಸರಿಸುತ್ತಿತ್ತು, ಬಲಗೈ ಅಭ್ಯಾಸಬಲದಿಂದ ಹೋಗಿ ಒತ್ತಿತು. ರಿಪೋರ್ಟಿನಲ್ಲಿ ಯಂತ್ರದ ದೋಷ ಎಂದು ಬರೆಸಿದರು. ಅಮ್ಮನಿಗೂ ಹಾಗೇ ಹೇಳಿದ್ದರು.

ಅಮ್ಮ ತಂತಿಯಿಂದ ಈಚೆಗೆ ಬಂದಿದ್ದಳು. ಕೈಯಲ್ಲಿ ಹಿಂಡಿದ ಟವೆಲ್ ಹಾಗೇ ಇತ್ತು.

ಕಟ್ಟುವುದು ಬೇಡ, ಹಾಗಾದರೆ ಎರಡೂ ಒತ್ತುವುದನ್ನು ಕಾಯುವ ಆ ರಿಲೇ ತೆಗೆದು ಒಂದೇ ಬಟನ್ ಇಡುತ್ತೇನೆ, ಇದೇನು ಪ್ರೆಸ್ ಅಲ್ಲವಲ್ಲ, ಹೂವು ತಾನೇ ಎಂದೆ. ಅದು ಸರಿಯಾದ ಮಾತೇ. ಅಪ್ಪ ಅದಕ್ಕೂ ತಲೆಯಾಡಿಸಲಿಲ್ಲ. ಪೈಪಿನ ಬಾಯಿಯನ್ನು ನೋಡುತ್ತಾ ಇದ್ದರು.

"ಬಲಗಡೆ ಯಾರಾದ್ರೂ ಬಂದ್ರೆ ನಂಗೆ ಕಾಣಲ್ಲ" ಎಂದರು.

ಕಣ್ಣಿಗೆ ಪೊರೆ ಬಂದಿದೆಯಾ ಎಂದು ಅಮ್ಮ ಕೇಳಿದಳು. ಅದಲ್ಲ ಎಂದರು. ಎರಡು ಕಣ್ಣಿನಲ್ಲೂ ಬಲಗಡೆಯ ಅರ್ಧ ಇಲ್ಲ. ಕತ್ತಲೆಯೂ ಅಲ್ಲ, ಇಲ್ಲವೇ ಇಲ್ಲ. ಫೆಬ್ರವರಿಯಿಂದ ಹೀಗೇ. ಕೈ ಹೋಯಿತು ಎಂದು ಎಲ್ಲರೂ ಅಳುತ್ತಿರುವಾಗ ಇದನ್ನೂ ಹೇಳುವುದು ಬೇಡ ಎನಿಸಿತಂತೆ. ಮೈದಾನಕ್ಕೆ ಹೋಗದೆ ಇದ್ದದ್ದು ಕೈಯ ನಾಚಿಕೆಯಿಂದ ಎಂದು ನಾವು ಅಂದುಕೊಂಡಿದ್ದೆವು. ಬಲಗಡೆಯಿಂದ ಯಾರಾದರೂ ಬಂದು ಮಾತಾಡಿಸಿದರೆ ಬೆಚ್ಚಿಬೀಳುತ್ತೇನೆ, ಅದನ್ನು ಜನ ನೋಡುತ್ತಾರೆ ಎಂಬ ಹೆದರಿಕೆ ಅವರಿಗಿತ್ತು.

ನಾನು ಕೆಳಗೆ ಹೋಗಿ ನೋಟ್‌ಬುಕ್ ತೆಗೆದೆ. "ಪಲ್ಯ ಮುಟ್ಟಲಿಲ್ಲ" ಎಂದು ಎಂಟು ತಿಂಗಳಲ್ಲಿ 47 ಸಲ ಬರೆದಿದ್ದೆ. ಅಮ್ಮ ಪಲ್ಯವನ್ನು ಯಾವಾಗಲೂ ತಟ್ಟೆಯ ಬಲಗಡೆಗೆ ಬಡಿಸುತ್ತಾಳೆ. ಬಾಗಿಲ ಚೌಕಟ್ಟಿಗೆ ತಾಗಿದ್ದು 12 ಸಲ, ಹನ್ನೆರಡೂ ಬಲ ಭುಜ. ನಾನೇ ಬರೆದು, ಮೊತ್ತ ಹಾಕಿ, ಡಾಕ್ಟರಿಗೆ ತೋರಿಸಿದ್ದೆ. ಡಾಕ್ಟರು ಔಷಧದ ಪುಟ ನೋಡಿ ವಾಪಸ್ ಕೊಟ್ಟಿದ್ದರು. ಎಲ್ಲ ಬರೆದಿದ್ದ ನಾನು ಬರೆದದ್ದನ್ನು ಒಂದು ಸಲವೂ ಓದಿರಲಿಲ್ಲ. ಆ ಮಧ್ಯಾಹ್ನ ಅಮ್ಮ ಪಲ್ಯವನ್ನು ತಟ್ಟೆಯ ಎಡಗಡೆಗೆ ಬಡಿಸಿದಳು. ಹುರುಳಿಕಾಯಿ ಪಲ್ಯ. ಅಪ್ಪ ಎರಡನೇ ಸಲ ಹಾಕಿಸಿಕೊಂಡರು.

ಊಟವಾದ ಮೇಲೆ ಅವರೇ ಪೆಟ್ಟಿಗೆಯ ಮಾತು ತೆಗೆದರು. ಎರಡು ಬಟನ್ ಇರಲಿ ಎಂದರು. ಎರಡು ಕೈ ಬೇಕು ಎಂಬುದು ನಿಯಮ, ಎರಡೂ ಒಬ್ಬರದ್ದೇ ಆಗಬೇಕು ಎಂದು ಇಲ್ಲವಲ್ಲ. ಒಂದು ತಮಗೆ. ಇನ್ನೊಂದಕ್ಕೆ ಉದ್ದ ವೈರ್ ಹಾಕಿ, ಬಲಗಡೆ ನೋಡುವವರ ಕೈಗೆ ಕೊಡು. ಅವರು ಒತ್ತದಿದ್ದರೆ ತಮ್ಮದೂ ಹೊಡೆಯಬಾರದು. ಹೇಳುತ್ತಾ ಅಮ್ಮನ ಕಡೆಗೆ ಪೂರ್ತಿ ತಲೆ ತಿರುಗಿಸಿ ನೋಡಿದರು. ಅಮ್ಮ ತಮ್ಮ ಬಲಗಡೆ ಕುಳಿತಿದ್ದಾಳೆ ಎಂದು ಅವರಿಗೆ ಗೊತ್ತಿತ್ತು.

"ನಂಗೆ ಮಿಕ್ಸಿ ಬಟನ್ ಒತ್ತಕ್ಕೇ ಭಯ ಕಣ್ರೀ" ಎಂದಳು ಅಮ್ಮ.

"ಮಿಕ್ಸಿಗಿಂತ ಇದು ಕಡಿಮೆ ಗಲಾಟೆ ಮಾಡುತ್ತೆ. ನಿನಗಿಂತ್ಲೂ."

ಸೋಮವಾರ ಅರ್ಧ ದಿನ ರಜೆ ಹಾಕಿ ಅಪ್ಪನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಹೊರಗೆ ಹೋದ ಪುಟದಲ್ಲಿ ಆಸ್ಪತ್ರೆ 20. ದೋಷ ಕಣ್ಣಿನದಲ್ಲ, ಸ್ಟ್ರೋಕಿನದೇ ಎಂದರು. ಪೂರ್ತಿ ವಾಪಸ್ ಬರುವುದು ಕಷ್ಟ, ತಲೆಯನ್ನು ಬಲಕ್ಕೆ ತಿರುಗಿಸಿ ನೋಡುವ ಅಭ್ಯಾಸ ಮಾಡಿಸಿ ಎಂದರು. ಸಂಜೆ ಪೆಟ್ಟಿಗೆಯಿಂದ ಬಲಗಡೆಯ ಬಟನ್ ಬಿಚ್ಚಿ ಚಿಕ್ಕ ಡಬ್ಬಿಯೊಂದಕ್ಕೆ ಹಾಕಿ, ಆರು ಮೀಟರ್ ವೈರ್ ಜೋಡಿಸಿದೆ.

ನಿಜವಾದ ಕಷ್ಟ ಆಮೇಲೆ ಶುರುವಾಯಿತು. ಇಬ್ಬರೂ ಅರ್ಧ ಸೆಕೆಂಡಿನೊಳಗೆ ಒಟ್ಟಿಗೆ ಒತ್ತಬೇಕು. ತಪ್ಪಿದರೆ ಇಬ್ಬರೂ ಬಿಟ್ಟು ಮತ್ತೆ ಮೊದಲಿನಿಂದ. ಗಾಳಿ ತುಂಬದೆ, ವಾಲ್ವಿನ ಬದಲು ಒಂದು ಬಲ್ಬ್ ಸಿಕ್ಕಿಸಿ, ನಡುಮನೆಯಲ್ಲಿ ಅಭ್ಯಾಸ ಮಾಡಿಸಿದೆ. ಒಟ್ಟಿಗೆ ಒತ್ತಿದರೆ ಬಲ್ಬ್ ಹತ್ತುತ್ತದೆ. ಮೊದಲ ಸಂಜೆ ಇಪ್ಪತ್ತು ಸಲಕ್ಕೆ ಮೂರು ಸಲ ಹತ್ತಿತು. ನಾನು ಒಂದು ಎರಡು ಮೂರು ಎಣಿಸಿದೆ. ಅಮ್ಮ ಎರಡಕ್ಕೇ ಒತ್ತುತ್ತಿದ್ದಳು, ಅಪ್ಪ ಮೂರು ಮುಗಿದ ಮೇಲೆ. ಮದುವೆ ಹಾರವನ್ನೂ ನೀನು ಹೀಗೇ ಮುಂಚೆ ಹಾಕಿಬಿಟ್ಟೆ ಎಂದು ಅಪ್ಪ ಛೇಡಿಸಿದರು. ನೀವು ಕತ್ತು ಬಗ್ಗಿಸೋ ಹೊತ್ತಿಗೆ ಮುಹೂರ್ತ ಮುಗೀತಿತ್ತು ಎಂದಳು ಅಮ್ಮ. ಎರಡನೇ ಸಂಜೆ ಏಳು.

ಮೂರನೇ ಸಂಜೆ ನನ್ನ ಎಣಿಕೆಯನ್ನು ಅಪ್ಪ ನಿಲ್ಲಿಸಿದರು. ಅವರ ಪ್ರೆಸ್ ವಿಭಾಗದಲ್ಲಿ ದೊಡ್ಡ ತಗಡನ್ನು ಇಬ್ಬರು ಹಿಡಿಯುವಾಗ ಯಾರೂ ಎಣಿಸುತ್ತಿರಲಿಲ್ಲವಂತೆ. ಆಚೆಯವನು ತನ್ನ ಕಡೆ ನೋಡಿ "ಖಾಲಿ" ಎನ್ನುತ್ತಿದ್ದ. ಈಚೆಯವನು "ಹೂಂ" ಎನ್ನುತ್ತಿದ್ದ. ಆ ಹೂಂ ಮೇಲೆ ಇಬ್ಬರೂ. ಅಮ್ಮ ನಡುಮನೆಯ ಬಲ ಮೂಲೆಯನ್ನು, ಅಲ್ಲಿ ಯಾರಾದರೂ ನಿಜವಾಗಿ ಇರಬಹುದು ಎಂಬಂತೆ ನೋಡಿ, "ಬಲಗಡೆ ಖಾಲಿ ರೀ" ಎಂದಳು. ಅಪ್ಪ "ಹೂಂ" ಎಂದರು. ಬಲ್ಬ್ ಹತ್ತಿತು. ಆ ಸಂಜೆ ಹದಿಮೂರು, ನಾಲ್ಕನೇ ಸಂಜೆ ಹದಿನಾರು, ಐದನೆಯದರಲ್ಲಿ ಹದಿನೆಂಟು. ತಪ್ಪಿದ ಎರಡೂ ಅಪ್ಪ ನಕ್ಕಿದ್ದರಿಂದ.

ನವೆಂಬರ್ ಒಂದು, ಶನಿವಾರ. ಅಪ್ಪ ಇಸ್ತ್ರಿ ಮಾಡಿದ ಬಿಳಿ ಶರ್ಟ್ ಹಾಕಿ, ಕೆಂಪು ಹಳದಿ ಶಾಲು ಹೊದ್ದರು. ಅಮ್ಮ ಅವರ ಬಲಗಡೆ ನಡೆದಳು. ನಾನು ಹಿಂದಿನಿಂದ ಪೆಟ್ಟಿಗೆ ಹಿಡಿದು ಹೋದೆ. ಬೇವಿನ ಮರದ ಕೆಳಗೆ ಹಳೇ ಗೆಳೆಯರು ಎದ್ದು ನಿಂತು ಮಾತಾಡಿಸಿದರು. ಬಲಗಡೆಯಿಂದ ಯಾರಾದರೂ ಬರುವ ಮೊದಲೇ ಅಮ್ಮ ಅವರು ಯಾರೆಂದು ಸ್ವಲ್ಪ ಜೋರಾಗಿ ಹೇಳುತ್ತಿದ್ದಳು, ಅಪ್ಪ ತಿರುಗಿ ನೋಡುತ್ತಿದ್ದರು. ಒಂದು ಸಲವೂ ಬೆಚ್ಚಲಿಲ್ಲ. ಟ್ಯಾಂಕಿನ ಮುಳ್ಳು ಎರಡೂವರೆಯಲ್ಲಿತ್ತು. ಮರಳಿನ ಚೀಲ ಇಟ್ಟಿದ್ದೆ. ಕ್ಲ್ಯಾಂಪ್ ಬಿಗಿಯಾಗಿತ್ತು.

ಬಾವುಟ ಏರತೊಡಗಿತು. ಅಮ್ಮ ಅಪ್ಪನ ಬಲಕ್ಕೆ ಆರು ಹೆಜ್ಜೆ ದೂರ ಡಬ್ಬಿ ಹಿಡಿದು ನಿಂತಿದ್ದಳು. ಬಾವುಟ ತುದಿ ಮುಟ್ಟಿ ಬಿಚ್ಚಿಕೊಂಡಿತು. ಅಮ್ಮನ ಮಾತಿಗೆ ಕಾಯದೆ, ಹದಿನೆಂಟು ವರ್ಷದ ಅಭ್ಯಾಸದಿಂದ, ಅಪ್ಪ ಒತ್ತಿಬಿಟ್ಟರು.

ಏನೂ ಆಗಲಿಲ್ಲ. ಹಿಂದೆ ಯಾರೋ "ಟುಸ್" ಎಂದರು, ಒಂದಿಬ್ಬರು ನಕ್ಕರು. ನನ್ನ ಕೈ ತಾನಾಗಿ ಬ್ಯಾಟರಿಯ ವೈರಿನ ಕಡೆಗೆ ಹೋಯಿತು. ಅಮ್ಮನನ್ನು ನೋಡಿದೆ. ಅವಳು ಡಬ್ಬಿಯಿಂದ ಕೈಯನ್ನೇ ಎತ್ತಿಬಿಟ್ಟಿದ್ದಳು.

"ಒತ್ತಬೇಡಿ ರೀ. ಬಲಗಡೆ ನಿಮ್ಮ ಸೆಕ್ರೆಟರಿ ಇದ್ದಾರೆ."

ಸೆಕ್ರೆಟರಿ ಅಂಕಲ್ ಮೊಬೈಲ್ ಹಿಡಿದು, ಸರಿಯಾಗಿ ಪೈಪಿನ ಬಾಯಿಯ ಮೇಲೆ ಬಾಗಿ ವಿಡಿಯೋ ಮಾಡುತ್ತಿದ್ದರು. ಬ್ಯಾಟರಿಯ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದ ನನಗೆ ಗಾಳಿ ಟ್ಯಾಂಕು ಅಡ್ಡವಾಗಿತ್ತು. ಅಪ್ಪ ತಲೆಯನ್ನು ಪೂರ್ತಿ ಬಲಕ್ಕೆ ತಿರುಗಿಸಿ ಅವರನ್ನು ನೋಡಿದರು. ಬಟನ್ ಮೇಲಿದ್ದ ಕೈ ತೆಗೆದರು.

"ಗುರು, ಹೂವು ನಿಂಗೊಬ್ಬನಿಗೇ ಅಲ್ಲ. ಹಿಂದೆ ಹೋಗು" ಎಂದರು.

ಜನ ಈ ಸಲ ಜೋರಾಗಿ ನಕ್ಕರು. ಅಂಕಲ್ ನಗುತ್ತಲೇ ಹಿಂದೆ ಸರಿದರು. ಅಪ್ಪ ಮುಂದಕ್ಕೆ ತಿರುಗಿ ಅಂಗೈಯನ್ನು ಮತ್ತೆ ಬಟನ್ ಮೇಲಿಟ್ಟು, ಕಾದರು. ಬಾವುಟ ಆಗಲೇ ಏರಿಯಾಗಿತ್ತು. ನಾಡಗೀತೆಗೆ ನಿಂತ ಹೆಣ್ಣುಮಕ್ಕಳು ಶುರು ಮಾಡಬೇಕೋ ಬೇಡವೋ ಎಂದು ನೋಡುತ್ತಿದ್ದರು. ಅಮ್ಮ ಅವಸರ ಮಾಡಲಿಲ್ಲ. ಬಲಗಡೆಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು.

"ಬಲಗಡೆ ಖಾಲಿ ರೀ."

"ಹೂಂ."

ಢಬ್ ಎಂದಿತು. ಹಳದಿ ಮೊದಲು ಹೋಯಿತು, ಅದರ ಹಿಂದೆ ಕೆಂಪು. ಎರಡೂ ಮೇಲೆ ಹೋಗಿ, ಒಂದು ಕ್ಷಣ ನಿಂತು, ಇಳಿದವು. ಎಷ್ಟು ಎತ್ತರ ಎಂದು ಅಳೆಯಲು ನೀರಿನ ಟ್ಯಾಂಕಿನ ಕಂಬದಲ್ಲಿ ಮೊದಲೇ ಗುರುತು ಮಾಡಿಕೊಂಡಿದ್ದೆ. ಆದರೆ ನಾನು ನೋಡುತ್ತಿದ್ದದ್ದು ಅಪ್ಪನನ್ನು. ಆ ದಿನದ ಪುಟದಲ್ಲಿ ಎತ್ತರದ ಜಾಗ ಖಾಲಿ ಬಿಟ್ಟಿದ್ದೇನೆ. ಮೈದಾನ 1 ಎಂದಿದೆ.

ಎಸಳುಗಳೆಲ್ಲ ಇಳಿದ ಮೇಲೆ ಅಪ್ಪನ ಬಲ ಭುಜದ ಮೇಲೆ ಒಂದು ಕೆಂಪು ಎಸಳು ಕೂತಿತ್ತು. ಅವರಿಗೆ ಅದು ಕಾಣಲಿಲ್ಲ. ಅಮ್ಮ ವೈರು ಸುತ್ತಿಕೊಳ್ಳುತ್ತಾ ಹತ್ತಿರ ಬಂದಳು. ಎಸಳನ್ನು ತೆಗೆಯಲಿಲ್ಲ.

"ಬಲಗಡೆ ಹೂವಿದೆ ರೀ" ಎಂದಳು.

ಅಪ್ಪ ತಲೆಯನ್ನು ಅಲ್ಲಿಯವರೆಗೂ ತಿರುಗಿಸಿ ನೋಡಿದರು.